ಪುಸ್ತಕಗಳ ಯಾದಿ

ನಿವೃತ್ತನಾದ ಮೇಲೆ ಏನು ಮಾಡುತ್ತಿದ್ದೀರಿ ಎಂದು ಕೇಳುವವರಿಗೆ ನಾನು ಕೆಲವು ವರ್ಷಗಳಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ: ಅಮೆರಿಕದ ಗ್ರಂಥಾಲಯಗಳ ಚರಿತ್ರೆಯನ್ನು ಓದುತ್ತಿದ್ದೇನೆ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಾರೆ. ರೋಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಹಾ ತರಿಸಿಕೊಟ್ಟು, "ಸರ, ಅಮೆರಿಕಾ ಎಲ್ಲಿ, ರೋಣ ಎಲ್ಲಿ? ನಮ್ಮೂರ ವಾಚನಾಲಯದ ಚರಿತ್ರಿ ಬರೀರಲ್ಲ" ಎಂದ. "ಅದನ್ನ ಬರಿಯಾಕ ಹೋಗಿನ ಅಲ್ಲಿಗೆ ಹೋದೆನಪಾ" ಎಂದೆ. ಅವನಿಗೆ ಅದು ಅರ್ಥವಾಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲವೂ ಇತ್ತು. ಅಂದು ಅವನಿಗೆ ಪೂರ್ತಿ ಹೇಳಲಾಗದ ಮಾತನ್ನು ಇಂದು ನಿಮ್ಮೆದುರು ಹೇಳುತ್ತೇನೆ.

ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಒಂದು ವಾಚನಾಲಯವಿತ್ತು. ಹಳ್ಳಿಯ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಚಾವಡಿಯ ಪಕ್ಕದಲ್ಲಿ ಒಂದು ಮಾಳಿಗೆಯ ಕೋಣೆ, ಎರಡು ಕಪಾಟು, ಒಂದು ಉದ್ದನೆಯ ಬಾಕು, ಮಳೆಗಾಲದಲ್ಲಿ ಸೋರುವ ಒಂದು ಮೂಲೆ. ಬಾಲ್ಯದಲ್ಲಿ ನಾನು ಓದಿದ ಕಾದಂಬರಿಗಳೆಲ್ಲ ಅಲ್ಲಿಯವು. ಅದರ ಚರಿತ್ರೆಯನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದಿಡಬೇಕೆಂದು ನಿವೃತ್ತಿಯ ಮರುವರ್ಷ ಹೊರಟೆ. ಕೋಣೆ ಬಿದ್ದುಹೋಗಿತ್ತು. ಕಪಾಟುಗಳು ಯಾರದೋ ಮನೆಯಲ್ಲಿ ಕಾಳು ತುಂಬಿಕೊಂಡು ನಿಂತಿದ್ದವು. ಪುಸ್ತಕಗಳಲ್ಲಿ ಒಂದೂ ಇರಲಿಲ್ಲ. ಸಿಕ್ಕಿದ್ದು ಒಂದು ದಾಖಲೆ ವಹಿ ಮಾತ್ರ. ಕೆಂಪು ಬಟ್ಟೆಯ ರಟ್ಟು, ಒಂದು ಅಂಚನ್ನು ಗೆದ್ದಲು ತಿಂದಿದೆ. ಕ್ರಮಸಂಖ್ಯೆ, ಪುಸ್ತಕದ ಹೆಸರು, ಕರ್ತೃ, ಬೆಲೆ, ಬಂದ ತಾರೀಖು, ಹೀಗೆ ಗೆರೆ ಎಳೆದು ಬರೆದ ಪುಸ್ತಕಗಳ ಯಾದಿ. ಅದರ ಹಿಂಬದಿಯಿಂದ ತಿರುವಿದರೆ ಎರವಲು ಒಯ್ದವರ ಹೆಸರುಗಳು.

ಆ ಯಾದಿಯಲ್ಲಿ ನನ್ನ ಗುರುಗಳೊಬ್ಬರು ಬರೆದ ಕಿರುಪುಸ್ತಕದ ಹೆಸರಿತ್ತು. 1967ರಲ್ಲಿ ಗದಗಿನಲ್ಲಿ ಅಚ್ಚಾದದ್ದು, ಬೆಲೆ ಒಂದೂವರೆ ರೂಪಾಯಿ. ಅದನ್ನು ನೋಡಬೇಕೆಂಬ ಆಸೆಯಾಯಿತು. ರೋಣದಲ್ಲಿ ಸಿಗಲಿಲ್ಲ, ಗದಗಿನಲ್ಲಿ ಸಿಗಲಿಲ್ಲ, ಗುರುಗಳ ಮನೆಯವರ ಬಳಿಯೂ ಇರಲಿಲ್ಲ. ಕಡೆಗೆ ಅಮೆರಿಕದಲ್ಲಿರುವ ನನ್ನ ಅಳಿಯ, ತಂಗಿಯ ಮಗ, ಅಲ್ಲಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದನ್ನು ಕಂಡು ಪುಟಗಳ ಚಿತ್ರ ತೆಗೆದು ಕಳಿಸಿದ. ಅವನ ಒಕ್ಕಣೆಯಲ್ಲಿ ಒಂದು ಸಾಲು ಇತ್ತು: "ಮಾಮಾ, ಹಿಂದಿನ ಚೀಟಿಯ ಮೇಲೆ ಒಂದೂ ತಾರೀಖು ಇಲ್ಲ. ಇದನ್ನು ಇಲ್ಲಿ ಇದುವರೆಗೆ ಯಾರೂ ಒಯ್ದಿಲ್ಲ." ನಾವು ಓದಿ ಓದಿ ಕಳೆದುಕೊಂಡ ಪುಸ್ತಕವನ್ನು ಅವರು ಓದದೆಯೇ ಕಾಪಾಡಿದ್ದರು. ನನಗೆ ನಾಚಿಕೆಯೂ ಆಯಿತು, ಕುತೂಹಲವೂ ಆಯಿತು. ಗದಗಿನ ಅಚ್ಚುಕೂಟದ ಒಂದೂವರೆ ರೂಪಾಯಿಯ ಪುಸ್ತಕ ಸಮುದ್ರ ದಾಟಿದ್ದು ಹೇಗೆ?

ಉತ್ತರ ಗೋಧಿಯಲ್ಲಿತ್ತು. 1954ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿತು, ಪಿ.ಎಲ್. 480 ಎಂದು ನಮ್ಮಲ್ಲೂ ಹೆಸರಾದದ್ದು. ಅವರಲ್ಲಿ ಮಿಕ್ಕ ಧಾನ್ಯವನ್ನು ಕೊಂಡ ದೇಶ ತನ್ನ ನಾಣ್ಯದಲ್ಲಿಯೇ ಬೆಲೆ ಕೊಡಬಹುದು. 1965–66ರ ಬರದ ಕಾಲಕ್ಕೆ ನಾನು ಶಾಲೆಗೆ ಹೋಗುವ ಹುಡುಗ. ರೇಶನ್ ಅಂಗಡಿಯ ಗೋಧಿಯನ್ನು ತಂದು ನಮ್ಮವ್ವ, "ಇದರ ಹಿಟ್ಟು ಕೈಗೆ ಹತ್ತವಲ್ದು" ಎಂದು ಬೈದುಕೊಂಡೇ ನಾದುತ್ತಿದ್ದಳು. ಜೋಳದ ರೊಟ್ಟಿಯ ಸೀಮೆಯವಳು ಅವಳು. ಆ ಗೋಧಿಯ ಬೆಲೆ ರೂಪಾಯಿಯಾಗಿ ಇಲ್ಲಿಯೇ ಕೂಡಿಬೀಳುತ್ತಿತ್ತು. ಅದರಲ್ಲಿ ಒಂದು ಸಣ್ಣ ಭಾಗವನ್ನು ಪುಸ್ತಕ ಕೊಳ್ಳಲು ಬಳಸಬಹುದೆಂದು 1958ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಅವರ ಸಂಸತ್ತಿನ ಗ್ರಂಥಾಲಯ, ಅಂದರೆ ಲೈಬ್ರರಿ ಆಫ್ ಕಾಂಗ್ರೆಸ್, 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಕನ್ನಡವೂ ಅದರಲ್ಲಿ ಒಂದು. ನಮ್ಮವ್ವ ನಾದಿದ ಹಿಟ್ಟಿಗೂ ನನ್ನ ಗುರುಗಳ ಪುಸ್ತಕಕ್ಕೂ ಇಂಥ ನಂಟಿದೆಯೆಂದು ಆಗ ಯಾರು ಬಲ್ಲರು!

ಹೀಗೆ ಆ ದೇಶದ ಗ್ರಂಥಾಲಯಗಳ ಚರಿತ್ರೆಯನ್ನು ಓದತೊಡಗಿದೆ. ಸಂಸತ್ತಿನ ಗ್ರಂಥಾಲಯದಿಂದಲೇ ಆರಂಭಿಸಿದೆ. ಮೊದಲ ಅಧ್ಯಾಯದಲ್ಲಿಯೇ ನನಗೆ ನರಗುಂದ ಎದುರಾಯಿತು.

1814ರ ಆಗಸ್ಟ್ 24ರಂದು ಇಂಗ್ಲಿಷರ ಸೈನ್ಯ ವಾಷಿಂಗ್ಟನ್ ನಗರವನ್ನು ಹೊಕ್ಕು ಸಂಸತ್ ಭವನಕ್ಕೆ ಬೆಂಕಿಯಿಟ್ಟಿತು. ಭವನದಲ್ಲಿ ಹದಿನಾಲ್ಕು ವರ್ಷದ ಒಂದು ಗ್ರಂಥಾಲಯವಿತ್ತು, ಸುಮಾರು ಮೂರು ಸಾವಿರ ಪುಸ್ತಕಗಳದು. ಅದು ಸುಟ್ಟುಹೋಯಿತು. ಆ ಸಾಲನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಏಕೆಂದರೆ ಮೂರು ಸಾವಿರ ಎಂಬ ಸಂಖ್ಯೆಯನ್ನು ನಾನು ಬೇರೆ ಕಡೆ ಓದಿದ್ದೆ. ನರಗುಂದದ ಸಂಸ್ಥಾನಿಕ ಭಾಸ್ಕರರಾವ ಭಾವೆ, ನಮ್ಮೆಲ್ಲರ ಬಾಬಾಸಾಹೇಬ, ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳನ್ನು ಕೂಡಿಹಾಕಿದ್ದನೆಂದು ಇಂಗ್ಲಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರಲ್ಲಿ ಅವನೇ ಬುದ್ಧಿವಂತನೆಂಬ ಪ್ರಶಂಸೆಯೂ ಆ ಬರಹಗಳಲ್ಲಿ ಇದೆ.

ಮುಂದಿನ ಕಥೆ ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ದತ್ತಕಕ್ಕೆ ಸರಕಾರ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನ ಕೊಲೆಯಾಯಿತು. ಅವನ ರುಂಡವನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ ಆರಂಭದಲ್ಲಿ ಕರ್ನಲ್ ಮಾಲ್ಕಂನ ಸೈನ್ಯ ಊರನ್ನೂ ಕೋಟೆಯನ್ನೂ ಹಿಡಿಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಮ್ಯಾನ್ಸನ್ನನ ಕೊಲೆಯಿಂದ ಗಲ್ಲಿನವರೆಗೆ ಎಲ್ಲ ಕೂಡಿ ಹದಿನೈದು ದಿನ. ಈ ಹದಿನೈದು ದಿನಗಳ ಮೇಲೆ ನಾಟಕಗಳಾಗಿವೆ, ಲಾವಣಿಗಳಾಗಿವೆ. ನಾನೂ ತರಗತಿಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. ಆದರೆ ಮೂವತ್ತು ವರ್ಷದ ಅಧ್ಯಾಪನದಲ್ಲಿ ಒಮ್ಮೆಯಾದರೂ "ಆ ಗ್ರಂಥಗಳು ಏನಾದವು?" ಎಂದು ನಾನು ಕೇಳಿಕೊಂಡಿರಲಿಲ್ಲ. ವಾಷಿಂಗ್ಟನ್ನಿನ ಬೆಂಕಿಯ ಬಗ್ಗೆ ಓದುವತನಕ ಆ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ವಾಷಿಂಗ್ಟನ್ನಿನಲ್ಲಿ ಆಮೇಲೆ ಏನಾಯಿತು ನೋಡಿ. ಮಾಜಿ ಅಧ್ಯಕ್ಷ ಜೆಫರ್ಸನ್ ಮೊಂಟಿಚೆಲ್ಲೊ ಎಂಬಲ್ಲಿ ತನ್ನ ಬೆಟ್ಟದ ಮನೆಯಲ್ಲಿದ್ದ. ಸಾಲದಲ್ಲಿ ಮುಳುಗಿದ್ದ. ಐವತ್ತು ವರ್ಷ ಕೂಡಿಸಿದ ತನ್ನ ಪುಸ್ತಕಗಳನ್ನು ದೇಶ ಕೊಳ್ಳಲಿ ಎಂದ. ಸಂಸತ್ತಿನಲ್ಲಿ ಜಗಳವೆದ್ದಿತು. ಇವು ನಾಸ್ತಿಕರ ಪುಸ್ತಕಗಳು, ಫ್ರೆಂಚರ ಪುಸ್ತಕಗಳು, ಪರಭಾಷೆಯ ಪುಸ್ತಕಗಳು ನಮಗೇಕೆ ಎಂದು ಕೆಲವರು ಕೂಗಿದರು. ಹತ್ತು ಮತಗಳ ಅಂತರದಿಂದ ನಿರ್ಣಯ ಗೆದ್ದಿತು. 1815ರಲ್ಲಿ 6,487 ಸಂಪುಟಗಳಿಗೆ 23,950 ಡಾಲರು ಕೊಟ್ಟು ಬಂಡಿಗಳ ಮೇಲೆ ಹೇರಿ ತಂದರು. ನನಗೆ ಮುಖ್ಯವೆನಿಸಿದ್ದು ಇದರ ನಂತರದ ಸಂಗತಿ: ಅದೇ ವರ್ಷ ಆ ಪುಸ್ತಕಗಳ ಯಾದಿಯನ್ನು ಅಚ್ಚು ಹಾಕಿಸಿದರು. ಜೆಫರ್ಸನ್ ತನ್ನ ಪುಸ್ತಕಗಳನ್ನು ಸ್ಮೃತಿ, ವಿಚಾರ, ಕಲ್ಪನೆ ಎಂಬ ಮೂರು ವಿಭಾಗಗಳಲ್ಲಿ ವಿಷಯಾನುಕ್ರಮವಾಗಿ ಜೋಡಿಸಿದ್ದ. ಗ್ರಂಥಪಾಲ ಪ್ರತಿ ಅಧ್ಯಾಯದೊಳಗೆ ಅಕಾರಾದಿಯಾಗಿ ಹೊಂದಿಸಿಬಿಟ್ಟ. ಮುದುಕ ಸಿಟ್ಟಾದ. ಈ ಸಿಟ್ಟನ್ನು ಓದಿ ನನಗೆ ಸಂತೋಷವಾಯಿತು. ಪುಸ್ತಕದ ಕಪಾಟನ್ನು ಹೆಂಡತಿ ಒರೆಸಿ ಮತ್ತೆ ಜೋಡಿಸಿದಾಗ ನಾನು ಮಾಡುವ ಕೂಗಾಟಕ್ಕೆ ಇನ್ನು ಮೇಲೆ ಒಂದು ಘನವಾದ ಆಧಾರವಾಯಿತು.

1851ರ ಕ್ರಿಸ್ಮಸ್ಸಿನ ಹಿಂದಿನ ದಿನ ಆ ಗ್ರಂಥಾಲಯಕ್ಕೆ ಮತ್ತೆ ಬೆಂಕಿ ಬಿತ್ತು. ಈ ಸಲ ಶತ್ರುಗಳ ಕೆಲಸವಲ್ಲ, ಆಕಸ್ಮಿಕ. 55,000 ಪುಸ್ತಕಗಳಲ್ಲಿ 35,000 ಸುಟ್ಟವು. ಜೆಫರ್ಸನ್ನನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹೋದವು. ಯಾದಿ ಉಳಿದಿತ್ತು. ನೂರು ವರ್ಷಗಳ ನಂತರ, 1952ರಿಂದ 1959ರ ವರೆಗೆ, ಮಿಲಿಸೆಂಟ್ ಸೋವರ್ಬಿ ಎಂಬ ವಿದುಷಿ ಆ ಯಾದಿಯ ಆಧಾರದ ಮೇಲೆ ಐದು ಸಂಪುಟಗಳ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದಳು. 1990ರ ದಶಕದ ಕೊನೆಗೆ ಗ್ರಂಥಾಲಯದವರು ಆ ಸೂಚಿ ಹಿಡಿದುಕೊಂಡು ಹಳೆಯ ಪುಸ್ತಕಗಳ ಅಂಗಡಿಗಳನ್ನು ಹುಡುಕತೊಡಗಿದರು. ಸುಟ್ಟ ಪುಸ್ತಕ ಯಾವ ಮುದ್ರಣದ್ದೋ ಅದೇ ಮುದ್ರಣದ ಇನ್ನೊಂದು ಪ್ರತಿಯನ್ನು ತಂದು ಖಾಲಿ ಜಾಗದಲ್ಲಿ ಇಡುವುದು, ಇದು ಅವರ ಕೆಲಸ. ಹೀಗೆ ಸಾವಿರಾರು ಪುಸ್ತಕಗಳು ಮರಳಿ ಬಂದಿವೆ.

ಇದನ್ನು ಓದಿದ ಮೇಲೆ ನಾನು ನರಗುಂದಕ್ಕೆ ಹೋದೆ. ಹೋಗಿ ಹೊಸದೇನೂ ಕಾಣಲಿಲ್ಲ. ಕೋಟೆಯ ಗುಡ್ಡವನ್ನು ಅರ್ಧ ಹತ್ತಿ, ಮೊಣಕಾಲು ನೋಯತೊಡಗಿದ್ದರಿಂದ ಒಂದು ಬಂಡೆಯ ಮೇಲೆ ಕೂತೆ. ಕೆಳಗೆ ಊರು, ಆಚೆ ಎರೆಭೂಮಿ. ಬಾಬಾಸಾಹೇಬನ ಗ್ರಂಥಗಳು ಹಸ್ತಪ್ರತಿಗಳೋ ಅಚ್ಚಿನವೋ, ಅವುಗಳಲ್ಲಿ ಕಾವ್ಯಗಳೆಷ್ಟು, ಶಾಸ್ತ್ರಗ್ರಂಥಗಳೆಷ್ಟು? ಅವನ ಕಾರಕೂನರು ಜಮೀನಿನ ಲೆಕ್ಕವನ್ನೂ ಕುದುರೆಯ ಹುರುಳಿಯ ಲೆಕ್ಕವನ್ನೂ ಬರೆದಿರಲೇಬೇಕು. ಪುಸ್ತಕಗಳ ಯಾದಿಯನ್ನೂ ಬರೆದಿದ್ದಾರು. ನಾನು ಕಂಡ ಗ್ರಂಥಗಳಲ್ಲಿ ಅವನ ಪುಸ್ತಕಗಳ ಸಂಖ್ಯೆಯಷ್ಟೇ ಇದೆ, ಒಂದರ ಹೆಸರೂ ಇಲ್ಲ. ಆ ಸಂಖ್ಯೆಯಾದರೂ ಅವನನ್ನು ಗಲ್ಲಿಗೇರಿಸಿದವರ ಕಡೆಯಿಂದ ಬಂದದ್ದು. ಸುಟ್ಟ ಪುಸ್ತಕವನ್ನು ಮತ್ತೆ ತರಬಹುದೆಂದು ವಾಷಿಂಗ್ಟನ್ನಿನವರು ತೋರಿಸಿದ್ದಾರೆ. ಯಾವುದು ಸುಟ್ಟಿತೆಂದೇ ತಿಳಿಯದಿದ್ದರೆ ಏನನ್ನು ತರುವುದು?

ನಮ್ಮ ನಾಡಿಗೆ ಯಾದಿಯ ಪರಿಪಾಠವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ರೋಣ–ಗಜೇಂದ್ರಗಡಗಳ ನಡುವಿನ ಸೂಡಿಯಲ್ಲಿ ಜೋಡುಗಳಸದ ಗುಡಿಯನ್ನು ನೋಡಿದವರಿಗೆ ಚಾಲುಕ್ಯರ ಕಾಲದ ಶಾಸನಗಳ ಅಚ್ಚುಕಟ್ಟುತನ ಗೊತ್ತು. ಭೂಮಿ ಎಷ್ಟು, ಎಲ್ಲೆ ಎಲ್ಲಿ, ಯಾರಿಗೆ ಯಾವ ಪಾಲು, ಎಲ್ಲವನ್ನೂ ಕಲ್ಲಿನ ಮೇಲೆ ಬರೆದಿಟ್ಟ ಜನ. ಅದೇ ಚಾಲುಕ್ಯರ ಕಾಲದ, 1058ರ, ಕಲಬುರ್ಗಿ ಸೀಮೆಯ ನಾಗಾವಿಯ ಶಾಸನದಲ್ಲಿ ಒಂದು ಘಟಿಕಾಸ್ಥಾನದ ವಿವರವಿದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತೆರಡು ವಿದ್ಯಾರ್ಥಿಗಳು, ಅವರ ಉಪಾಧ್ಯಾಯರು, ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಪಾಲರಿಗೆ ಎಷ್ಟು ಚೆಲುವಾದ ಹೆಸರು! ಅವರಿಗೂ ಜೀವನಕ್ಕೆ ಭೂಮಿಯನ್ನು ಬಿಟ್ಟುಕೊಟ್ಟಿದ್ದರು. 1058ರಲ್ಲಿ ಒಂದು ವಿದ್ಯಾಲಯಕ್ಕೆ ಆರು ಗ್ರಂಥಪಾಲರು. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಒಬ್ಬರಿದ್ದರು. ಅವರನ್ನೂ ವರ್ಷದಲ್ಲಿ ಮೂರು ತಿಂಗಳು ಪರೀಕ್ಷೆಯ ಕೆಲಸಕ್ಕೆ ಎಳೆದುಕೊಂಡು ಹೋಗುತ್ತಿದ್ದರು.

ಅಮೆರಿಕದ ಚರಿತ್ರೆಗೆ ಮರಳುತ್ತೇನೆ. ಅಲ್ಲಿಯ ಜನಸಾಮಾನ್ಯರ ಗ್ರಂಥಾಲಯ ಹುಟ್ಟಿದ್ದು ನಮ್ಮ ಕಡೆ ನಾವು ವರ್ಗಣಿ ಎನ್ನುವ ವಂತಿಗೆಯಿಂದಲೇ. 1731ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವನ ಗೆಳೆಯರು ತಲೆಗೆ ನಲವತ್ತು ಶಿಲ್ಲಿಂಗಿನಂತೆ ಐವತ್ತು ಮಂದಿಯ ವರ್ಗಣಿ ಕೂಡಿಸಿ ಲಂಡನ್ನಿನಿಂದ ಪುಸ್ತಕ ತರಿಸಿದರು. ನಮ್ಮ ಹಳ್ಳಿಯ ವಹಿಯ ಮೊದಲ ಪುಟದಲ್ಲಿಯೂ ವರ್ಗಣಿ ಕೊಟ್ಟವರ ಹೆಸರುಗಳಿವೆ, ಕೆಲವರದು ಎರಡು ರೂಪಾಯಿ, ಒಬ್ಬರದು ಒಂದು ಚೀಲ ಜೋಳ. 1833ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಪೀಟರ್‌ಬರೋ ಎಂಬ ಸಣ್ಣ ಊರು ತೆರಿಗೆಯ ಹಣದಿಂದ ಎಲ್ಲರಿಗೂ ಉಚಿತವಾದ ಗ್ರಂಥಾಲಯ ನಡೆಸಲು ತೀರ್ಮಾನಿಸಿತು. ನಮ್ಮಲ್ಲಿ ಆ ಮಾತು ಕಾಯಿದೆಯಾದದ್ದು 1965ರಲ್ಲಿ. ಮನೆ-ಜಮೀನಿನ ಕರದ ಜೊತೆ ಗ್ರಂಥಾಲಯ ಕರ ಸೇರಿದ್ದು ಅಂದಿನಿಂದ. ಇವೆರಡರ ನಡುವೆ ಒಂದು ಸೇತುವೆಯೂ ಇದೆ. ಬಡೋದೆಯ ಸಯಾಜಿರಾವ ಗಾಯಕವಾಡರು ಅಮೆರಿಕದ ಪ್ರವಾಸದಲ್ಲಿ ಅಲ್ಲಿಯ ಗ್ರಂಥಾಲಯಗಳನ್ನು ಕಂಡು, 1910ರಲ್ಲಿ ವಿಲಿಯಂ ಬಾರ್ಡನ್ ಎಂಬ ಗ್ರಂಥಪಾಲನನ್ನು ಕರೆಸಿಕೊಂಡರು. ಹಳ್ಳಿಹಳ್ಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವ ವ್ಯವಸ್ಥೆ ಬಡೋದೆಯಲ್ಲಿ ಬೆಳೆಯಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಅದೇ ಬೆಳಗಾವಿಯಲ್ಲಿ ದೇಶಬಂಧು ಚಿತ್ತರಂಜನದಾಸರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಗ್ರಂಥಾಲಯ ಪರಿಷತ್ತೂ ಸೇರಿತ್ತು. ಮೊದಲನೆಯದು ಎಲ್ಲರಿಗೂ ನೆನಪಿದೆ.

ಕಾರ್ನೆಗಿಯ ಕಥೆಯನ್ನು ಗಜೇಂದ್ರಗಡದ ನೇಕಾರ ಸ್ನೇಹಿತರೊಬ್ಬರಿಗೆ ಹೇಳಿದ್ದೆ. ಪಟ್ಟೇದ ಅಂಚಿನ ಸೀರೆಯ ಮಗ್ಗದ ಎದುರು ಕುಳಿತೇ ಅವರು ಕೇಳಿದರು. ಅಪ್ಪ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನ ಕೈಮಗ್ಗದ ನೇಕಾರ. ಉಗಿಯಂತ್ರದ ಮಗ್ಗ ಬಂದು ಕೆಲಸ ಹೋಯಿತು. 1848ರಲ್ಲಿ ಸಂಸಾರ ಅಮೆರಿಕಕ್ಕೆ ಹೋಯಿತು. ಹುಡುಗ ಕೂಲಿಗೆ ಸೇರಿದ. ಆ ಊರಿನ ಕರ್ನಲ್ ಆಂಡರ್ಸನ್ ಎಂಬವರು ಶನಿವಾರಗಳಂದು ತಮ್ಮ ಸುಮಾರು ನಾನೂರು ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದರು. ಆ ಹುಡುಗ ಮುಂದೆ ಉಕ್ಕಿನ ದೊರೆಯಾಗಿ, ಅಮೆರಿಕವೊಂದರಲ್ಲೇ 1,600ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಟ್ಟ. ಜಾಗ ಊರಿನದು, ಕೊಟ್ಟ ಹಣದ ಹತ್ತರಲ್ಲಿ ಒಂದು ಪಾಲನ್ನು ವರ್ಷವರ್ಷವೂ ಊರೇ ಹಾಕಿ ನಡೆಸಬೇಕು, ಇದು ಅವನ ಕರಾರು. ನೇಕಾರರು ಲಾಳಿಯನ್ನು ನಿಲ್ಲಿಸಿ, "ಅವನ ಕಾರ್ಖಾನ್ಯಾಗ ದುಡಿಯೋ ಮಂದಿಗೆ ಓದಾಕ ಹೊತ್ತು ಇತ್ತೇನ್ರಿ?" ಎಂದರು. ಇದೇ ಪ್ರಶ್ನೆಯನ್ನು ಅಲ್ಲಿಯ ಕಾರ್ಮಿಕರೂ ಕೇಳಿದ್ದರು. 1892ರಲ್ಲಿ ಹೋಮ್‌ಸ್ಟೆಡ್ಡಿನ ಅವನ ಕಾರ್ಖಾನೆಯ ಮುಷ್ಕರದಲ್ಲಿ ಗುಂಡು ಹಾರಿ ಜನ ಸತ್ತರು. ಆಮೇಲೆ ಕೆಲವು ಊರುಗಳು ಅವನ ಹಣ ಬೇಡವೆಂದವು. ನಾನು ಓದಿದ ದೊಡ್ಡ ಪುಸ್ತಕಗಳಲ್ಲಿ ನೂರು ಪುಟದ ನಂತರ ಬರುವ ಮಾತು ಅವರಿಗೆ ಮಗ್ಗದ ಮುಂದೆಯೇ ಹೊಳೆದಿತ್ತು.

ಇನ್ನೊಂದು ವಿಷಯವನ್ನು ಬಿಡುವ ಹಾಗಿಲ್ಲ. ಎಲ್ಲರಿಗೂ ಉಚಿತ ಎಂದು ಹೇಳಿಕೊಂಡ ಆ ಗ್ರಂಥಾಲಯಗಳ ಬಾಗಿಲು ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಮುಚ್ಚಿತ್ತು. ಮೆಂಫಿಸ್ ನಗರದಲ್ಲಿ ರಿಚರ್ಡ್ ರೈಟ್ ಎಂಬ ತರುಣ ಬಿಳಿಯ ಸಹೋದ್ಯೋಗಿಯೊಬ್ಬನ ಕಾರ್ಡು ಪಡೆದು, ಆ ಬಿಳಿಯನೇ ಪುಸ್ತಕ ತರಲು ಕಳಿಸಿದ್ದಾನೆಂಬಂತೆ ತಾನೇ ಚೀಟಿ ಬರೆದುಕೊಂಡು ಹೋಗುತ್ತಿದ್ದ. ಮುಂದೆ ದೊಡ್ಡ ಲೇಖಕನಾಗಿ 1945ರಲ್ಲಿ ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದ. 1939ರ ಆಗಸ್ಟ್ 21ರಂದು ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಊರಿನಲ್ಲಿ ಐವರು ಕರಿಯ ತರುಣರು ಒಬ್ಬೊಬ್ಬರಾಗಿ ಗ್ರಂಥಾಲಯದೊಳಗೆ ಹೋಗಿ ಕಾರ್ಡು ಕೇಳಿದರು. ಇಲ್ಲವೆಂದಾಗ ಕಪಾಟಿನಿಂದ ಒಂದೊಂದು ಪುಸ್ತಕ ತೆಗೆದುಕೊಂಡು ಬೇರೆ ಬೇರೆ ಮೇಜುಗಳಿಗೆ ಕುಳಿತು ಸದ್ದಿಲ್ಲದೆ ಓದತೊಡಗಿದರು. ಪೊಲೀಸರು ಬಂದು ಹಿಡಿದೊಯ್ದರು. ಶಾಂತಿಭಂಗದ ಆರೋಪ! ಅವರನ್ನು ಹುರಿದುಂಬಿಸಿದ್ದವರು ಅದೇ ಊರಿನ ಕರಿಯ ವಕೀಲ ಸ್ಯಾಮ್ಯುಯೆಲ್ ಟಕರ್. ಊರಿನವರು ಮರುವರ್ಷ ಕರಿಯರಿಗೆಂದು ಒಂದು ಸಣ್ಣ ಪ್ರತ್ಯೇಕ ಗ್ರಂಥಾಲಯ ಕಟ್ಟಿ ಕೈತೊಳೆದುಕೊಂಡರು.

ಇದನ್ನು ಓದಿದ ರಾತ್ರಿ ಟ್ರಂಕಿನಿಂದ ನಮ್ಮ ಹಳ್ಳಿಯ ವಹಿಯನ್ನು ಮತ್ತೆ ತೆಗೆದೆ. ಅದುವರೆಗೆ ನಾನು ಪುಸ್ತಕಗಳ ಯಾದಿಯನ್ನೇ ನೋಡುತ್ತಿದ್ದೆ. ಆ ರಾತ್ರಿ ಎರವಲು ಒಯ್ದವರ ಯಾದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನೂರಾರು ಹೆಸರುಗಳು, ಅಡ್ಡಹೆಸರಿನಿಂದ ಮನೆ ಗುರುತು ಹಿಡಿಯಬಲ್ಲೆ, ಏಕೆಂದರೆ ನಾನು ಆ ಊರಿನವನೇ. ಹೆಂಗಸರ ಹೆಸರು ಒಂದೂ ಇರಲಿಲ್ಲ. ಹೊಲಗೇರಿಯ, ಮಾದರ ಓಣಿಯ ಹೆಸರು ಒಂದೂ ಇರಲಿಲ್ಲ. ಹಾಗೆಂದು ಯಾವ ನಿಯಮವನ್ನೂ ಯಾರೂ ಬರೆದಿರಲಿಲ್ಲ. ಚಾವಡಿಯ ಪಕ್ಕದ ಕಟ್ಟೆ ಹತ್ತಬೇಕಾಗಿತ್ತು, ಅಷ್ಟೆ. ನನ್ನ ಜೊತೆ ಕನ್ನಡ ಶಾಲೆಯಲ್ಲಿ ಓದಿದ ಒಬ್ಬ ಹುಡುಗನಿದ್ದ. ನಾನು ಒಯ್ದ ಕಾದಂಬರಿಗಳನ್ನು ಹಳ್ಳದ ದಂಡೆಯಲ್ಲಿ ಇಸಿದುಕೊಂಡು ಓದಿ, ಎರಡು ದಿನದ ಮೇಲೆ ಅಲ್ಲಿಯೇ ತಂದುಕೊಡುತ್ತಿದ್ದ. ನೀನೇ ಹೋಗಿ ತಂದುಕೋ ಎಂದು ನಾನು ಅವನಿಗೆ ಎಂದೂ ಹೇಳಲಿಲ್ಲ. ನನ್ನ ಜೊತೆ ಬಾ ಎಂದೂ ಕರೆಯಲಿಲ್ಲ. ವಹಿಯಲ್ಲಿ ನನ್ನ ಹೆಸರಿನ ಮುಂದಿರುವ ಪುಸ್ತಕಗಳಲ್ಲಿ ಅರ್ಧ ಅವನು ಓದಿದವು. ನಾನು ಬರೆಯಬೇಕೆಂದಿದ್ದ ಚರಿತ್ರೆಯ ಹತ್ತಿಪ್ಪತ್ತು ಪುಟಗಳಲ್ಲಿ ದಾನಿಗಳ ಗುಣಗಾನವಿತ್ತು, ಉದ್ಘಾಟನೆಯ ವರ್ಣನೆಯಿತ್ತು. ಅದನ್ನು ಹರಿದುಹಾಕಿ ಮತ್ತೆ ಬರೆಯುತ್ತಿದ್ದೇನೆ. ಈ ಸಲ ಹಳ್ಳದ ದಂಡೆಯಿಂದ ಆರಂಭ ಮಾಡಿದ್ದೇನೆ. ಅವನು ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಹೋಗಿ ಕೇಳಿದೆ. ಐವತ್ತು ವರ್ಷಗಳ ನಂತರವೂ ಅವನು ಓದಿದ ಇಪ್ಪತ್ತಮೂರು ಪುಸ್ತಕಗಳ ಹೆಸರು ಹೇಳಿದ. ವಹಿಯೊಂದಿಗೆ ತಾಳೆ ನೋಡಿದೆ, ಎರಡು ಬಿಟ್ಟು ಉಳಿದವೆಲ್ಲ ಕೂಡಿದವು. ಆ ಎರಡನ್ನು ನಾನು ವಹಿಯಲ್ಲಿ ಬರೆಯಿಸದೆಯೇ ಒಯ್ದಿದ್ದೆನೆಂದು ಅವನು ನಕ್ಕ. ನನಗೆ ಅದು ನೆನಪೇ ಇರಲಿಲ್ಲ.

ಇಂಥ ವಹಿಗಳು ನಮ್ಮ ಮೂರೂ ಊರುಗಳ ಸುತ್ತ ಇನ್ನೂ ಕೆಲವು ಮನೆಗಳಲ್ಲಿ ಇರಬೇಕೆಂದು ನನಗೆ ಅನಿಸುತ್ತದೆ. ಜಂತಿಯ ಮೇಲೆ, ಹಗೇವಿನ ಕೋಣೆಯಲ್ಲಿ, ದೇವರ ಜಗುಲಿಯ ಕೆಳಗೆ, ಲಗ್ನಪತ್ರಿಕೆಗಳ ಕಟ್ಟಿನೊಳಗೆ. ಕೇಳುವವರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಗಜೇಂದ್ರಗಡದ ಆ ನೇಕಾರ ಸ್ನೇಹಿತರು ಮೊನ್ನೆ ಫೋನು ಮಾಡಿದ್ದರು. ಅವರ ಸೋದರಮಾವನ ಮನೆಯ ಅಟ್ಟದ ಮೇಲೆ ಹಳೆಯ ವಾಚನಾಲಯದ್ದೆಂದು ಹೇಳುವ ಒಂದು ಗಂಟು ಇದೆಯಂತೆ. ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುತ್ತಾರೆ, ಅಟ್ಟ ಖಾಲಿ ಮಾಡುತ್ತಾರೆ, ಅಷ್ಟರೊಳಗೆ ಬರ್ರಿ ಎಂದಿದ್ದಾರೆ. ನಾಡದು ಬೆಳಗಿನ ಬಸ್ಸಿಗೆ ಹೊರಟಿದ್ದೇನೆ.